ಬೇಸಿಗೆ ಇಂಟರ್ನ್‌ಶಿಪ್‌ಗೆ ಮ್ಯೂನಿಕ್: ಕೋಣೆ, ಕಾಗದಪತ್ರ ಮತ್ತು ಸಂಜೆಗಳ ಬಗ್ಗೆ ಸಲಹೆ ಬೇಕು

ಪ್ರಶ್ನೆ | ದೂರತೀರ

ಎಲ್ಲರಿಗೂ ನಮಸ್ಕಾರ. ನಾನು ಭೌತಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿ. ಮೇ ತಿಂಗಳ ಮಧ್ಯದಿಂದ ಜುಲೈ ಕೊನೆಯವರೆಗೆ ಜರ್ಮನಿಯ ಮ್ಯೂನಿಕ್ ಪಕ್ಕದ ಗಾರ್ಶಿಂಗ್ ಸಂಶೋಧನಾ ಆವರಣದ ಒಂದು ಪ್ರಯೋಗಾಲಯದಲ್ಲಿ ಇಂಟರ್ನ್‌ಶಿಪ್ ದೊರೆತಿದೆ. ವೀಸಾ ಬಂದಿದೆ, ವಿಮಾನದ ಟಿಕೆಟ್ ಕೂಡ ಆಗಿದೆ. ಮಾರ್ಗದರ್ಶಕರು ಓದಿಕೊಂಡು ಬರಬೇಕಾದ ಪ್ರಬಂಧಗಳನ್ನು ಕಳುಹಿಸಿರುವುದರಿಂದ ಕೆಲಸದ ವಿಷಯದಲ್ಲಿ ನನಗೆ ಅಷ್ಟೇನೂ ಆತಂಕವಿಲ್ಲ. ಕೆಲಸದ ಹೊರಗಿನ ಬದುಕನ್ನು ಎಲ್ಲಿಂದ ಆರಂಭಿಸಬೇಕೆಂಬುದೇ ತೋಚುತ್ತಿಲ್ಲ.

ಕೋಣೆ ಇನ್ನೂ ಸಿಕ್ಕಿಲ್ಲ. ಗಾರ್ಶಿಂಗ್‌ನಲ್ಲೇ ಹುಡುಕುವುದು ಮೇಲೋ, ಮ್ಯೂನಿಕ್ ನಗರದೊಳಗೆ ಇದ್ದು ದಿನವೂ ಓಡಾಡುವುದು ಮೇಲೋ? ವಿಳಾಸ ನೋಂದಣಿ, ಬ್ಯಾಂಕ್ ಖಾತೆ, ಸಿಮ್ ಕಾರ್ಡ್ ಇವುಗಳಲ್ಲಿ ಇಷ್ಟು ಕಡಿಮೆ ಅವಧಿಗೆ ನಿಜವಾಗಿ ಅಗತ್ಯವಾದವು ಯಾವುವು? ಕೊನೆಯದಾಗಿ, ಹೇಳಲು ಸ್ವಲ್ಪ ಸಂಕೋಚವಾಗುವ ಒಂದು ಪ್ರಶ್ನೆ. ನಾನು ಒಬ್ಬಳೇ ದೂರದ ಊರಿನಲ್ಲಿ ಇದ್ದವಳಲ್ಲ. ಕೆಲವೇ ವಾರ ಇರುವವರಿಗೆ ಅಲ್ಲಿ ಪರಿಚಯ, ಒಡನಾಟ ಬೆಳೆಯುವುದು ಸಾಧ್ಯವೇ? ಅಲ್ಲಿ ಇದ್ದು ಬಂದವರು, ಈಗ ಇರುವವರು ದಯವಿಟ್ಟು ತಿಳಿಸಿ.

ಉತ್ತರ | ಇಸಾರ್‌ದಂಡೆ

ಅಭಿನಂದನೆಗಳು. ಕೋಣೆಯ ವಿಷಯವನ್ನು ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ನೀವು ಕೇಳಿರುವ ಉಳಿದೆಲ್ಲ ಸಂಗತಿಗಳೂ ಒಂದು ವಿಳಾಸಕ್ಕೆ ಬಂದು ನಿಲ್ಲುತ್ತವೆ.

ಜರ್ಮನಿಯ ವಿಶ್ವವಿದ್ಯಾಲಯಗಳಲ್ಲಿ ಬೇಸಿಗೆ ಸೆಮಿಸ್ಟರ್‌ನ ತರಗತಿಗಳು ಏಪ್ರಿಲ್‌ನಿಂದ ಜುಲೈವರೆಗೆ ನಡೆಯುತ್ತವೆ. ವಿದ್ಯಾರ್ಥಿಗಳು ಊರಿಗೆ ಹೋಗುವಾಗ ತಮ್ಮ ಕೋಣೆಯನ್ನು ಬೇರೆಯವರಿಗೆ ತಾತ್ಕಾಲಿಕವಾಗಿ ಬಿಟ್ಟುಕೊಡುವುದು ಇಲ್ಲಿ ಬಹಳ ಸಾಮಾನ್ಯ. ಆದರೆ ಅಂಥ ಕೋಣೆಗಳು ಹೆಚ್ಚಾಗಿ ತೆರವಾಗುವುದು ಆಗಸ್ಟ್ ಮತ್ತು ಸೆಪ್ಟೆಂಬರ್‌ನಲ್ಲಿ. ನಿಮಗೆ ಬೇಕಾದ ತಿಂಗಳುಗಳಲ್ಲಿ ಎಲ್ಲರೂ ತಂತಮ್ಮ ಕೋಣೆಗಳಲ್ಲೇ ಇರುತ್ತಾರೆ. ಆದ್ದರಿಂದ ನೀವು ಹುಡುಕಬೇಕಾದದ್ದು ಆ ಸೆಮಿಸ್ಟರ್‌ನಲ್ಲಿ ತಾವೇ ಬೇರೆ ಊರಿಗೆ ಇಂಟರ್ನ್‌ಶಿಪ್‌ಗೋ ವಿನಿಮಯ ಕಾರ್ಯಕ್ರಮಕ್ಕೋ ಹೋಗಿರುವ ವಿದ್ಯಾರ್ಥಿಗಳನ್ನು, ಇಲ್ಲವೇ ಕ್ಷೇತ್ರಕಾರ್ಯಕ್ಕೆ ಹೊರಟಿರುವ ಸಂಶೋಧಕರನ್ನು. ಹಂಚಿಕೆಯ ಮನೆಗಳಲ್ಲಿ ಕೋಣೆ ಹುಡುಕುವ ವೇಗೇ-ಗೆಜುಖ್ಟ್ (WG-Gesucht) ಜಾಲತಾಣದಲ್ಲಿ 'ಝ್ವಿಶನ್‌ಮೀಟೆ', ಅಂದರೆ ತಾತ್ಕಾಲಿಕ ಒಳಬಾಡಿಗೆ, ಎಂಬ ವರ್ಗದಡಿ ಇಂಥ ಜಾಹೀರಾತುಗಳು ಬರುತ್ತವೆ. ಎಲ್ಲರಿಗೂ ಒಂದೇ ಸಂದೇಶವನ್ನು ನಕಲು ಮಾಡಿ ಕಳುಹಿಸಬೇಡಿ. ಜಾಹೀರಾತನ್ನು ಪೂರ್ತಿ ಓದಿ, ನೀವು ಯಾರು, ಯಾವ ಪ್ರಯೋಗಾಲಯಕ್ಕೆ ಬರುತ್ತಿದ್ದೀರಿ, ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಇರುತ್ತೀರಿ ಎಂಬುದನ್ನು ನಾಲ್ಕೈದು ವಾಕ್ಯಗಳಲ್ಲಿ ಬರೆಯಿರಿ. ಮನೆ ಹಂಚಿಕೊಂಡು ಇರುವವರು ಬಾಡಿಗೆಯಷ್ಟೇ ಮುಖ್ಯವಾಗಿ ಜೊತೆಗಿರುವವರ ಸ್ವಭಾವವನ್ನೂ ನೋಡುತ್ತಾರೆ.

ಇದಕ್ಕೂ ಮೊದಲು ಇಂದೇ ಮಾಡಬೇಕಾದ ಕೆಲಸವೊಂದಿದೆ. ನಿಮ್ಮ ಸಂಶೋಧನಾ ತಂಡದ ಕಾರ್ಯದರ್ಶಿಗೆ ಒಂದು ಇಮೇಲ್ ಬರೆದು, ಸಂಸ್ಥೆಗೆ ಅತಿಥಿಗೃಹವಿದೆಯೇ, ತಂಡದ ಯಾರಾದರೂ ಆ ಅವಧಿಯಲ್ಲಿ ಕೋಣೆ ಬಿಟ್ಟುಕೊಡುತ್ತಿದ್ದಾರೆಯೇ ಎಂದು ಕೇಳಿ. ಇಂಥ ಸಹಾಯ ಕೇಳುವುದಕ್ಕೆ ನಮ್ಮಲ್ಲಿ ಅನೇಕರು ಹಿಂಜರಿಯುತ್ತಾರೆ. ಆದರೆ ಹೊರದೇಶದಿಂದ ಬರುವವರನ್ನು ವರ್ಷವಿಡೀ ಬರಮಾಡಿಕೊಳ್ಳುವ ಸಂಸ್ಥೆಗಳಲ್ಲಿ ಅದು ಕಾರ್ಯದರ್ಶಿಗಳ ದಿನನಿತ್ಯದ ಕೆಲಸದ ಭಾಗವೇ ಆಗಿರುತ್ತದೆ.

ಬಾಡಿಗೆ ನೋಡುವಾಗ 'ಕಾಲ್ಟ್' ಎಂದಿದ್ದರೆ ಬರೀ ಜಾಗದ ಬಾಡಿಗೆ, 'ವಾರ್ಮ್' ಎಂದಿದ್ದರೆ ನೀರು, ತಾಪನ ಮುಂತಾದ ವೆಚ್ಚಗಳೂ ಸೇರಿದ ಬಾಡಿಗೆ ಎಂದು ತಿಳಿಯಿರಿ. ಮುಂಗಡ ಠೇವಣಿ ಕಾನೂನಿನ ಪ್ರಕಾರ ಮೂರು ತಿಂಗಳ 'ಕಾಲ್ಟ್' ಬಾಡಿಗೆಯನ್ನು ಮೀರುವಂತಿಲ್ಲ. "ನಾನು ಈಗ ಹೊರದೇಶದಲ್ಲಿದ್ದೇನೆ, ಹಣ ಕಳುಹಿಸಿದರೆ ಬೀಗದ ಕೈಯನ್ನು ಕೊರಿಯರ್‌ನಲ್ಲಿ ಕಳುಹಿಸುತ್ತೇನೆ" ಎಂದು ಯಾರಾದರೂ ಬರೆದರೆ ಅದು ಮೋಸವೆಂದೇ ಭಾವಿಸಿ ಅಲ್ಲಿಗೇ ಬಿಟ್ಟುಬಿಡಿ.

ಗಾರ್ಶಿಂಗೋ ಮ್ಯೂನಿಕ್ಕೋ ಎಂದರೆ ನಾನು ಗಾರ್ಶಿಂಗ್ ಎನ್ನುತ್ತೇನೆ. ಪ್ರಯೋಗಗಳು ತಡರಾತ್ರಿಯವರೆಗೆ ನಡೆಯುವ ದಿನಗಳಲ್ಲಿ ನಡೆದೋ ಸೈಕಲ್ ಏರಿಯೋ ಮನೆ ಸೇರಬಹುದು, ಮತ್ತು ಅಷ್ಟು ಚಿಕ್ಕ ಅವಧಿಯಲ್ಲಿ ಓಡಾಟಕ್ಕೆ ಸಮಯ ವ್ಯಯವಾಗುವುದಿಲ್ಲ.

ಉತ್ತರ | ಹಳೆಯಂಗಳ

ಕೋಣೆ ಹುಡುಕುವ ಬಗ್ಗೆ ಮೇಲಿನವರು ಹೇಳಿದ್ದೆಲ್ಲವನ್ನೂ ಒಪ್ಪುತ್ತೇನೆ. ಕೊನೆಯ ಸಲಹೆಯೊಂದನ್ನು ಮಾತ್ರ ಒಪ್ಪಲಾರೆ.

ಗಾರ್ಶಿಂಗ್ ಆವರಣವನ್ನು ಕಣ್ಣಮುಂದೆ ತಂದುಕೊಳ್ಳಿ. ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯದ ವಿಜ್ಞಾನ ವಿಭಾಗಗಳು, ಹಲವು ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಗಳು, ಯುರೋಪಿಯನ್ ಸದರ್ನ್ ಅಬ್ಸರ್ವೇಟರಿಯ ಕೇಂದ್ರ ಕಚೇರಿ ಎಲ್ಲವೂ ಅಲ್ಲಿವೆ. ಹಗಲು ಸಾವಿರಾರು ಜನ ಓಡಾಡುವ ಆ ಜಾಗ ಸಂಜೆಯಾಗುತ್ತಿದ್ದಂತೆ ಬರಿದಾಗುತ್ತದೆ, ಏಕೆಂದರೆ ಅಲ್ಲಿ ಕೆಲಸ ಮಾಡುವ ಬಹುಪಾಲು ಜನ ವಾಸವಿರುವುದು ಬೇರೆಡೆ. ಒಂಟಿತನದ ಬಗ್ಗೆ ಈಗಲೇ ಯೋಚಿಸುತ್ತಿರುವ ಒಬ್ಬರಿಗೆ ಆ ನಿಶ್ಶಬ್ದ ಒಳ್ಳೆಯದಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಯು-6 ಸುರಂಗ ರೈಲು ಮಾರ್ಗ 2006ರಿಂದ ಆವರಣದೊಳಕ್ಕೇ ಬರುತ್ತದೆ. ನಗರದ ನಡುವಿನ ಮರೀನ್‌ಪ್ಲಾಟ್ಸ್‌ನಿಂದ ಸುಮಾರು ಅರ್ಧ ಗಂಟೆಯ ದಾರಿ. ಹಾಗಾಗಿ ನಗರದ ಯಾವ ಮೂಲೆಯಾದರೂ ಸರಿ ಎನ್ನದೆ, ಯು-6 ಮಾರ್ಗದ ಉದ್ದಕ್ಕೂ, ಅದರಲ್ಲೂ ಮ್ಯೂನ್‌ಶ್ನರ್ ಫ್ರೈಹೈಟ್‌ನಿಂದ ಫ್ರೈಮಾನ್‌ವರೆಗಿನ ಭಾಗದಲ್ಲಿ ಹುಡುಕಿ. ರೈಲು ಬದಲಿಸುವ ತೊಂದರೆಯಿಲ್ಲ, ಇಂಗ್ಲಿಷ್ ಗಾರ್ಡನ್ ಉದ್ಯಾನ ಹತ್ತಿರ, ಸಂಜೆ ಬೀದಿಗಿಳಿದರೆ ಜನರ ಮುಖ ಕಾಣುತ್ತದೆ.

ಇನ್ನು ಒಡನಾಟದ ಪ್ರಶ್ನೆ. ಅದನ್ನು ಕೇಳುವುದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ. ಅಲ್ಲಿನ ಸಹೋದ್ಯೋಗಿಗಳು ಕೆಲಸದ ಹೊತ್ತಿನಲ್ಲಿ ಆತ್ಮೀಯವಾಗಿದ್ದು, ಸಂಜೆಯಾದೊಡನೆ "ನಾಳೆ ನೋಡೋಣ" ಎಂದು ಹೊರಟುಬಿಡುತ್ತಾರೆ. ಹೊಸದಾಗಿ ಬಂದವರು ಇದನ್ನು ತಮ್ಮ ಬಗೆಗಿನ ಉದಾಸೀನವೆಂದು ತಿಳಿದು ನೊಂದುಕೊಳ್ಳುವುದನ್ನು ನಾನು ಕಂಡಿದ್ದೇನೆ. ಅದು ಉದಾಸೀನವಲ್ಲ. ಕೆಲಸದ ಬದುಕನ್ನೂ ಮನೆಯ ಬದುಕನ್ನೂ ಬೇರೆಬೇರೆಯಾಗಿ ಇಟ್ಟುಕೊಳ್ಳುವ ರೂಢಿ ಅಲ್ಲಿಯದು, ಮತ್ತು ಮನೆಯ ಬದುಕಿನೊಳಕ್ಕೆ ಹೊಸಬರನ್ನು ಸೇರಿಸಿಕೊಳ್ಳಲು ಅವರು ಸಮಯ ತೆಗೆದುಕೊಳ್ಳುತ್ತಾರೆ. ನಿಮಗೆ ಅಷ್ಟು ಸಮಯವಿಲ್ಲದ ಕಾರಣ ಯಾರಾದರೂ ಕರೆಯುವವರೆಗೆ ಕಾಯದೆ, ವಾರದಲ್ಲಿ ಗೊತ್ತಾದ ದಿನ, ಗೊತ್ತಾದ ಹೊತ್ತಿಗೆ ನಡೆಯುವ ಯಾವುದಾದರೂ ಚಟುವಟಿಕೆಗೆ ಬಂದ ಮೊದಲ ವಾರವೇ ಸೇರಿಕೊಳ್ಳಿ. ಗಾಯನ ವೃಂದವಿರಲಿ, ವಾಲಿಬಾಲ್ ಇರಲಿ, ಭಾಷಾ ವಿನಿಮಯದ ಕೂಟವಿರಲಿ, ಅದೇ ಮುಖಗಳನ್ನು ಮತ್ತೆಮತ್ತೆ ಕಾಣುವುದರಿಂದ ಹುಟ್ಟುವ ಪರಿಚಯ ಒಂದೇ ಸಲದ ದೊಡ್ಡ ಕೂಟದಲ್ಲಿ ಹುಟ್ಟುವುದಿಲ್ಲ. ಮಧ್ಯಾಹ್ನದ ಊಟಕ್ಕೆ ತಂಡದವರು ಒಟ್ಟಾಗಿ ಕ್ಯಾಂಟೀನಿಗೆ ಹೋಗುತ್ತಾರೆ. ಎಷ್ಟೇ ಕೆಲಸವಿದ್ದರೂ ಅದನ್ನು ತಪ್ಪಿಸಬೇಡಿ. ಮಾತು ನಿಜವಾಗಿ ಆರಂಭವಾಗುವುದು ಅಲ್ಲಿಯೇ.

ಜೂನ್ ತಿಂಗಳಲ್ಲಿ ಮ್ಯೂನಿಕ್‌ನಲ್ಲಿ ಸೂರ್ಯಾಸ್ತವಾಗುವಾಗ ರಾತ್ರಿ ಒಂಬತ್ತು ಕಾಲು ಆಗಿರುತ್ತದೆ. ಕೆಲಸ ಮುಗಿದ ಮೇಲೂ ಮೂರು ಗಂಟೆಯ ಬೆಳಕು ಉಳಿದಿರುತ್ತದೆ ಎಂದಾಯಿತು. ಆ ಹೊತ್ತನ್ನು ಕೋಣೆಯಲ್ಲಿ ಕುಳಿತು ಮನೆಯವರೊಡನೆ ಫೋನಿನಲ್ಲಿ ಮಾತನಾಡುತ್ತಾ ಕಳೆಯುವ ಸೆಳೆತ ಬಲವಾಗಿರುತ್ತದೆ. ಮನೆಯವರೊಡನೆ ಮಾತನಾಡಿ, ಆದರೆ ಅದಕ್ಕೊಂದು ಹೊತ್ತು ಗೊತ್ತುಮಾಡಿಕೊಳ್ಳಿ. ಒಂದು ಹಳೆಯ ಸೈಕಲ್ ಸಿಕ್ಕರೆ ಗಾರ್ಶಿಂಗ್‌ನಿಂದ ಇಸಾರ್ ನದಿಯ ಪಕ್ಕದಲ್ಲೇ ನಗರದವರೆಗೆ ಬರುವ ದಾರಿ ಇದೆ. ಅದರಷ್ಟು ಒಳ್ಳೆಯ ಸಂಜೆ ಆ ಊರಿನಲ್ಲಿ ಬೇರೆ ಇಲ್ಲ.

ಉತ್ತರ | ನೀಲಗಗನ

ಕಾಗದಪತ್ರಗಳ ಭಾಗಕ್ಕೆ ನಾನು ಉತ್ತರಿಸುತ್ತೇನೆ.

ವಿಳಾಸ ನೋಂದಣಿಯನ್ನು ಮನೆಗೆ ಬಂದ ಎರಡು ವಾರದೊಳಗೆ ಮಾಡಿಸಬೇಕೆಂಬುದು ಸಾಮಾನ್ಯ ನಿಯಮ. ಆದರೆ ಹೊರದೇಶದಲ್ಲಿ ವಾಸವಾಗಿದ್ದು ತಾತ್ಕಾಲಿಕವಾಗಿ ಬಂದು, ಮೂರು ತಿಂಗಳೊಳಗೆ ಹಿಂದಿರುಗುವವರಿಗೆ ಆ ಕಡ್ಡಾಯವಿಲ್ಲ. ನಿಮ್ಮ ಅವಧಿ ಅದರೊಳಗೇ ಬರುತ್ತದೆ. ಹಾಗಿದ್ದರೂ ನಿಮ್ಮ ಸಂಸ್ಥೆಯೋ ಬ್ಯಾಂಕೋ ನೋಂದಣಿ ಪತ್ರವನ್ನು ಕೇಳುವ ಸಂಭವವಿರುವುದರಿಂದ, ಮನೆ ಕೊಡುವವರು ವಾಸದ ದೃಢೀಕರಣ ಪತ್ರಕ್ಕೆ ಸಹಿ ಹಾಕಲು ಸಿದ್ಧರಿದ್ದಾರೆಯೇ ಎಂದು ಮೊದಲೇ ಕೇಳಿಕೊಳ್ಳಿ. ಗಾರ್ಶಿಂಗ್ ಮ್ಯೂನಿಕ್ ನಗರದ ಬಡಾವಣೆಯಲ್ಲ, ತನ್ನದೇ ಆಡಳಿತವಿರುವ ಬೇರೆ ಪಟ್ಟಣ. ಅಲ್ಲಿ ವಾಸವಿದ್ದರೆ ಅಲ್ಲಿನ ಪುರಸಭೆ ಕಚೇರಿಗೇ ಹೋಗಬೇಕು.

ಜರ್ಮನಿಯ ವಿಳಾಸಗಳಲ್ಲಿ ಸಾಮಾನ್ಯವಾಗಿ ಫ್ಲಾಟ್ ಸಂಖ್ಯೆ ಇರುವುದಿಲ್ಲ. ಅಂಚೆಯವರು ಡಬ್ಬಿಯ ಮೇಲಿನ ಹೆಸರು ನೋಡಿ ಕಾಗದ ಹಾಕುತ್ತಾರೆ. ಡಬ್ಬಿಯ ಮೇಲೆ ನಿಮ್ಮ ಹೆಸರಿಲ್ಲದಿದ್ದರೆ ಬ್ಯಾಂಕಿನ ಕಾರ್ಡ್ ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಮನೆ ಸೇರಿದ ದಿನವೇ ಒಂದು ಚೀಟಿಯಲ್ಲಿ ಹೆಸರು ಬರೆದು ಅಂಟಿಸಿ.

ಶಿಷ್ಯವೇತನವನ್ನು ಯಾವ ಬಗೆಯ ಖಾತೆಗೆ ಹಾಕುತ್ತಾರೆಂದು ಸಂಸ್ಥೆಯನ್ನು ಕೇಳಿದ ಮೇಲಷ್ಟೇ ಬ್ಯಾಂಕ್ ಖಾತೆಯ ಗೋಜಿಗೆ ಹೋಗಿ. ಪ್ರೀಪೇಯ್ಡ್ ಸಿಮ್‌ಗೆ ಗುರುತಿನ ಪರಿಶೀಲನೆ ಕಾನೂನಿನಲ್ಲೇ ಕಡ್ಡಾಯವಾದ್ದರಿಂದ ಪಾಸ್‌ಪೋರ್ಟ್ ಹಿಡಿದು ಅಂಗಡಿಗೇ ಹೋಗುವುದು ಸುಲಭ. ಓಡಾಟಕ್ಕೆ ಡಾಯ್ಚ್‌ಲಾಂಡ್ ಟಿಕೆಟ್ ಇದೆ. 2026ರ ಜನವರಿಯಿಂದ ಅದರ ಬೆಲೆ ತಿಂಗಳಿಗೆ 63 ಯೂರೋ. ದೂರದ ವೇಗದ ರೈಲುಗಳನ್ನು ಬಿಟ್ಟು ದೇಶದ ಎಲ್ಲ ಪ್ರಾದೇಶಿಕ ರೈಲು, ಸುರಂಗ ರೈಲು, ಟ್ರಾಮ್, ಬಸ್ಸುಗಳಲ್ಲಿ ಅದು ನಡೆಯುತ್ತದೆ. ಭಾನುವಾರ ಆಲ್ಪ್ಸ್ ಬುಡದ ಗಾರ್ಮಿಶ್-ಪಾರ್ಟನ್‌ಕಿರ್ಶನ್‌ಗೆ ಹೋಗಿಬರಲೂ ಅದೇ ಸಾಕು. ಅದು ಚಂದಾ ಆಗಿರುವುದರಿಂದ ನೀವು ಹೊರಡುವ ಜುಲೈ ತಿಂಗಳ 10ನೇ ತಾರೀಖಿನೊಳಗೆ ರದ್ದುಪಡಿಸಬೇಕು. ಇಲ್ಲವಾದರೆ ಆಗಸ್ಟ್ ತಿಂಗಳ ಹಣವೂ ಹೋಗುತ್ತದೆ.

ಆರೋಗ್ಯದ ಬಗ್ಗೆ ಎರಡು ಮಾತು. ಪ್ಯಾರಸಿಟಮಾಲ್ ಕೂಡ ಔಷಧಾಲಯದಲ್ಲಿ ಬಿಟ್ಟು ಸೂಪರ್ ಮಾರುಕಟ್ಟೆಯಲ್ಲಿ ಸಿಗುವುದಿಲ್ಲವಾದ್ದರಿಂದ ನಿಮ್ಮ ನಿತ್ಯದ ಔಷಧಿಗಳನ್ನು ವೈದ್ಯರ ಚೀಟಿಯೊಡನೆ ತನ್ನಿ. ದಕ್ಷಿಣ ಜರ್ಮನಿಯ ಹುಲ್ಲುಗಾವಲು, ಕಾಡಂಚುಗಳಲ್ಲಿರುವ, ರಕ್ತ ಹೀರುವ ಉಣ್ಣೆಹುಳುಗಳು ಮಿದುಳಿನ ಉರಿಯೂತವನ್ನು ಹರಡಬಲ್ಲವು. ಲಸಿಕೆಗೆ ಒಂದಕ್ಕಿಂತ ಹೆಚ್ಚು ಡೋಸ್ ಬೇಕಿರುವುದರಿಂದ ಹೊರಡುವ ಮುನ್ನವೇ ವೈದ್ಯರಲ್ಲಿ ವಿಚಾರಿಸಿ, ಮತ್ತು ಹುಲ್ಲಿನಲ್ಲಿ ಅಡ್ಡಾಡಿ ಬಂದ ಮೇಲೆ ಮೈಯನ್ನು ಪರೀಕ್ಷಿಸಿಕೊಳ್ಳಿ. ತುರ್ತು ಸ್ಥಿತಿಗೆ 112, ಪೊಲೀಸರಿಗೆ 110. ತುರ್ತಲ್ಲದಿದ್ದರೂ ರಾತ್ರಿಯೋ ರಜಾದಿನವೋ ವೈದ್ಯರು ಬೇಕಾದರೆ 116117.

ನಿಮ್ಮಿಂದ ಬೇರೆಯವರಿಗಾದ ನಷ್ಟವನ್ನು ತುಂಬಿಕೊಡುವ ಹೊಣೆಗಾರಿಕೆ ವಿಮೆಯೊಂದನ್ನು ಮಾಡಿಸಿ, ಕಳೆದುಹೋದ ಬೀಗದ ಕೈಗೂ ಅದು ಅನ್ವಯಿಸುತ್ತದೆಯೇ ಎಂದು ನೋಡಿಕೊಳ್ಳಿ. ಅನೇಕ ಕಟ್ಟಡಗಳಲ್ಲಿ ಒಂದೇ ಬೀಗದ ಕೈ ಮುಖ್ಯ ಬಾಗಿಲಿಗೂ ಮನೆಗೂ ಹೊಂದುತ್ತದೆ. ಅದು ಕಳೆದರೆ ಇಡೀ ಕಟ್ಟಡದ ಬೀಗಗಳನ್ನು ಬದಲಿಸುವ ಖರ್ಚು ನಿಮ್ಮ ಮೇಲೆ ಬೀಳಬಹುದು.

ಮರುಪ್ರಶ್ನೆ | ದೂರತೀರ

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ಕಾರ್ಯದರ್ಶಿಗೆ ಬರೆದೆ, ಆ ಅವಧಿಯಲ್ಲಿ ಅತಿಥಿಗೃಹ ತುಂಬಿದೆಯಂತೆ. ಜಾಹೀರಾತಿನ ಮೂಲಕ ಫ್ರೈಮಾನ್ ನಿಲ್ದಾಣದ ಬಳಿ ಕೋಣೆಯೊಂದು ಸಿಗುವಂತಿದೆ. ಬೇರೆ ಊರಿಗೆ ಇಂಟರ್ನ್‌ಶಿಪ್‌ಗೆ ಹೋಗುತ್ತಿರುವ ವಿದ್ಯಾರ್ಥಿನಿಯೊಬ್ಬರದು. ವಿಡಿಯೋ ಕರೆಗೆ ಒಪ್ಪಿದ್ದಾರೆ, ಆದರೆ ಠೇವಣಿಯನ್ನು ಪೂರ್ತಿಯಾಗಿ ಈಗಲೇ ಕೇಳುತ್ತಿದ್ದಾರೆ. ಇದು ನಂಬಬಹುದಾದ ವ್ಯವಹಾರವೇ? ಮತ್ತೊಂದು ವಿಷಯ, ನನ್ನ ವಿಮಾನ ಇಳಿಯುವುದು ಶನಿವಾರ ರಾತ್ರಿ.

ಉತ್ತರ | ಇಸಾರ್‌ದಂಡೆ

ಫ್ರೈಮಾನ್ ಒಳ್ಳೆಯ ಜಾಗ. ಹಳೆಯಂಗಳದವರ ವಾದಕ್ಕೆ ಈ ಸಲ ನಾನೂ ತಲೆಬಾಗುತ್ತೇನೆ.

ವಿಡಿಯೋ ಕರೆಯಲ್ಲಿ ಕೋಣೆಯನ್ನಷ್ಟೇ ಅಲ್ಲದೆ ಬೀದಿಯಿಂದ ಮುಖ್ಯ ಬಾಗಿಲು, ಕರೆಗಂಟೆಯ ಮೇಲಿನ ಹೆಸರು, ಅಂಚೆ ಡಬ್ಬಿ ಇವುಗಳನ್ನೂ ತೋರಿಸುವಂತೆ ಕೇಳಿ. ಒಳಬಾಡಿಗೆಗೆ ಮನೆಯ ಮೂಲ ಮಾಲೀಕರ ಒಪ್ಪಿಗೆ ಬೇಕಾದ್ದರಿಂದ ಅದು ಲಿಖಿತವಾಗಿ ಇದೆಯೇ ಎಂದು ವಿಚಾರಿಸಿ. ಒಪ್ಪಂದಕ್ಕೆ ಇಬ್ಬರೂ ಸಹಿ ಹಾಕಿದ ಮೇಲೆ ಮೊದಲ ತಿಂಗಳ ಬಾಡಿಗೆಯನ್ನು ಬ್ಯಾಂಕ್ ಮೂಲಕ ಕಳುಹಿಸುವುದಾಗಿಯೂ ಠೇವಣಿಯನ್ನು ಬೀಗದ ಕೈ ಪಡೆಯುವಾಗ ಕೊಡುವುದಾಗಿಯೂ ಹೇಳಿ ನೋಡಿ. ದೂರದವರು ಕೊನೆಯ ಗಳಿಗೆಯಲ್ಲಿ ಕೈಬಿಟ್ಟರೆ ಎಂಬ ಭಯ ಅವರಿಗೂ ಇರುತ್ತದೆ, ಹಾಗಾಗಿ ಠೇವಣಿ ಕೇಳಿದ ಮಾತ್ರಕ್ಕೆ ಅನುಮಾನಿಸಬೇಕಿಲ್ಲ. ಎಲ್ಲಕ್ಕಿಂತ ಗಟ್ಟಿಯಾದ ದಾರಿಯೆಂದರೆ ನಿಮ್ಮ ತಂಡದ ಸಂಶೋಧನಾ ವಿದ್ಯಾರ್ಥಿಯೊಬ್ಬರನ್ನು ಕೋಣೆ ನೋಡಿಬರುವಂತೆ ಕೋರುವುದು. ಅದೇ ಯು-6 ಮಾರ್ಗದಲ್ಲಿ ದಿನವೂ ಓಡಾಡುವವರು ಅಲ್ಲಿ ಯಾರಾದರೂ ಇದ್ದೇ ಇರುತ್ತಾರೆ. ಇದಕ್ಕೂ ಆಕೆ ಒಪ್ಪದಿದ್ದರೆ ಆ ಕೋಣೆಯ ಆಸೆ ಬಿಡಿ.

ಶನಿವಾರ ರಾತ್ರಿಯ ವಿಷಯ ಮುಖ್ಯ. ಬವೇರಿಯಾದಲ್ಲಿ ಅಂಗಡಿಗಳು ಸಾಮಾನ್ಯವಾಗಿ ರಾತ್ರಿ ಎಂಟಕ್ಕೆ ಮುಚ್ಚುತ್ತವೆ, ಭಾನುವಾರ ತೆರೆಯುವುದಿಲ್ಲ. ವಿಮಾನ ನಿಲ್ದಾಣದಲ್ಲೂ ಮುಖ್ಯ ರೈಲು ನಿಲ್ದಾಣದಲ್ಲೂ ಇರುವ ಕೆಲವು ಅಂಗಡಿಗಳಿಗೆ ಈ ನಿಯಮದಿಂದ ವಿನಾಯಿತಿ ಇದೆ. ತಡವಾಗಿ ಇಳಿದರೆ ಅವೂ ಮುಚ್ಚಿರಬಹುದಾದ್ದರಿಂದ ಒಂದು ದಿನಕ್ಕಾಗುವಷ್ಟು ಆಹಾರ ಕೈಚೀಲದಲ್ಲಿರಲಿ. ನಲ್ಲಿಯ ನೀರನ್ನು ನಿಶ್ಚಿಂತೆಯಿಂದ ಕುಡಿಯಬಹುದು. 1883ರಿಂದ ಮಾಂಗ್‌ಫಾಲ್ ಕಣಿವೆಯಿಂದ ನಗರಕ್ಕೆ ಬರುತ್ತಿರುವ ಆ ನೀರು ಬಹಳ ಚೆನ್ನಾಗಿದೆ. ವಿಮಾನ ನಿಲ್ದಾಣದಿಂದ ಎಸ್-8 ರೈಲು ಹಿಡಿದು ಮರೀನ್‌ಪ್ಲಾಟ್ಸ್‌ನಲ್ಲಿ ಇಳಿದು, ಅಲ್ಲಿ ಯು-6ಕ್ಕೆ ಬದಲಿಸಿ. ನಿಲ್ದಾಣಗಳಲ್ಲಿ ತಡೆಗೇಟು ಇರುವುದಿಲ್ಲ. ಟಿಕೆಟ್ಟಿಗೆ ಮುದ್ರೆ ಬೇಕೆಂದಿದ್ದರೆ ರೈಲು ಹತ್ತುವ ಮೊದಲೇ ಅಲ್ಲಿರುವ ಚಿಕ್ಕ ಯಂತ್ರದಲ್ಲಿ ಹಾಕಿಸಿಕೊಳ್ಳಬೇಕು. ಸರಿಯಾದ ಟಿಕೆಟ್ ಇಲ್ಲದೆ ಸಿಕ್ಕಿಬಿದ್ದರೆ 60 ಯೂರೋ ದಂಡ, ಹೊಸಬರೆಂಬ ಕಾರಣಕ್ಕೆ ಬಿಡುವುದಿಲ್ಲ. ಬೀಗದ ಕೈಯನ್ನು ಆ ರಾತ್ರಿ ಯಾರು ಕೊಡುತ್ತಾರೆ, ವಿಮಾನ ತಡವಾದರೆ ಯಾವ ಸಂಖ್ಯೆಗೆ ಕರೆ ಮಾಡಬೇಕು ಎಂಬುದನ್ನು ಕಾಗದದ ಮೇಲೂ ಬರೆದಿಟ್ಟುಕೊಳ್ಳಿ. ಇಳಿದಾಗ ಫೋನಿನಲ್ಲಿ ಚಾರ್ಜ್ ಇಲ್ಲದಿದ್ದರೂ ಮನೆ ಸೇರುವಂತಿರಬೇಕು.