ಜೂನಿಯರ್‌ಗಳಿಗೆ ಸೂಚರಿಂಗ್ (ಗಾಯಕ್ಕೆ ಹೊಲಿಗೆ ಹಾಕೋದು) ಹೇಳಿಕೊಡುವಾಗ ಗಂಟು ಜಾರುತ್ತೆ, ಯಾಕೆ?

ಪ್ರಶ್ನೆ (ಫೈನಲ್ ಇಯರ್, ಹಾಸನ)
ಸ್ಕಿಲ್ ಲ್ಯಾಬ್‌ನಲ್ಲಿ ಸೆಕೆಂಡ್ ಇಯರ್‌ನವರಿಗೆ ನಾವೇ ಹೊಲಿಗೆ ಹೇಳಿಕೊಡ್ತಿದ್ದೀವಿ. ಚರ್ಮದ ಬದಲಿಗೆ ಸಿಲಿಕೋನ್ ಪ್ಯಾಡ್, ದಾರ 3-0 ದಪ್ಪದ ಸಿಲ್ಕ್. ನಾವು ತೋರಿಸುವಾಗ ಸುಲಭ ಅನ್ನಿಸುತ್ತೆ. ಅವರ ಕೈಗೆ ಕೊಟ್ಟರೆ ಸೂಜಿ ಬಾಗುತ್ತೆ, ಗಾಯದ ಅಂಚು ಒಳಗೆ ಮಡಚಿಕೊಳ್ಳುತ್ತೆ, ಗಂಟು ಜಾರುತ್ತೆ. ಪ್ಯಾಡ್ ಬದಲು ಏನಾದರೂ ಬಳಸಬಹುದಾ?

ಉತ್ತರ 1 (ಸರ್ಜರಿ ಪಿಜಿ)
ಸೂಜಿ ಬಾಗೋದು ದಾರ ಸೇರುವ ತುದಿಯ ಹತ್ತಿರ ಹಿಡಿದಾಗ. ಮೊನೆಯಿಂದ ಮೂರರಲ್ಲಿ ಎರಡು ಭಾಗ ಬಿಟ್ಟು, ಸೂಜಿ ಹಿಡಿಯುವ ಇಕ್ಕಳದ, ಅಂದರೆ ನೀಡಲ್ ಹೋಲ್ಡರ್‌ನ ತುದಿಯಲ್ಲೇ ಹಿಡಿಯಲಿ. ಚರ್ಮಕ್ಕೆ 90 ಡಿಗ್ರಿಯಲ್ಲಿ ಚುಚ್ಚಿ, ಮಣಿಕಟ್ಟು ತಿರುಗಿಸಿ ಸೂಜಿಯ ಬಾಗಿನಂತೆಯೇ ಹೊರತರಬೇಕು. ಓರೆಯಾಗಿ ಚುಚ್ಚಿದರೆ ದಾರ ಮೇಲ್ಪದರದಲ್ಲೇ ಹಾಯುತ್ತೆ, ಅಂಚು ಒಳಕ್ಕೆ ಮಡಚುತ್ತೆ.

ಗಂಟಿನ ವಿಷಯಕ್ಕೆ ಒಂದೇ ನಿಯಮ ಸಾಕು: ಪ್ರತಿ ಸಲವೂ ನೀಡಲ್ ಹೋಲ್ಡರ್ ಎರಡು ಎಳೆಗಳ ನಡುವೆ ಇರಲಿ, ಉದ್ದನೆಯ ಎಳೆಯನ್ನು ಅದರ ಮೇಲಿಂದ ಸುತ್ತಲಿ. ಮೊದಲು ಎರಡು ಸುತ್ತು, ಆಮೇಲೆ ಒಂದೊಂದು. ಗಿಡ್ಡ ಎಳೆ ಪ್ರತಿ ಸಲ ಆಚೆ ಬದಿಗೆ ಹೋಗಲೇಬೇಕು. ಹೋಗದಿದ್ದರೆ ಅದು ಗ್ರ್ಯಾನಿ ನಾಟ್, ಅಂದರೆ ಸಡಿಲವಾಗಿ ಜಾರುವ ತಪ್ಪು ಗಂಟು. ದಿಕ್ಕು ಸರಿಯಿದ್ದರೂ ಒಂದೇ ಎಳೆಯನ್ನು ಜೋರಾಗಿ ಎಳೆದರೆ ಜಾರುಗಂಟಾಗುತ್ತೆ. ಎರಡು ಬಣ್ಣದ ಶೂ ಲೇಸ್ ಕೊಡಿ, ತಪ್ಪು ಕಣ್ಣಿಗೇ ಕಾಣುತ್ತೆ. ನೈಲಾನ್ ದಾರ ಆದರೆ ಮೇಲೆ ಇನ್ನೊಂದೆರಡು ಗಂಟು ಹೆಚ್ಚು ಬೇಕು.

ಉತ್ತರ 2 (ಇಂಟರ್ನ್, ಚಿಕ್ಕಮಗಳೂರು)
ಕಲಿಸೋ ಕ್ರಮವನ್ನೂ ನೋಡಿ. ಕೈಕೆಲಸ ಕಲಿಸೋಕೆ ಪೇಟನ್ ಅನ್ನೋ ವೈದ್ಯರು ಹೇಳಿದ ನಾಲ್ಕು ಹಂತ: ಮಾತಿಲ್ಲದೆ ಮಾಮೂಲಿ ವೇಗದಲ್ಲಿ ಮಾಡಿ ತೋರಿಸೋದು, ಬಿಡಿಸಿ ಹೇಳುತ್ತಾ ಮಾಡೋದು, ಅವರು ಹೇಳಿದಂತೆ ನಾವು ಮಾಡೋದು, ಕೊನೆಗೆ ಅವರೇ ಹೇಳುತ್ತಾ ಮಾಡೋದು. ಬಹಳಷ್ಟು ಕಡೆ ಮೂರನೆಯದನ್ನೇ ಹಾರಿಸಿಬಿಡ್ತಾರೆ. ಯಾರಿಗೆ ಎಲ್ಲಿ ಗೊಂದಲ ಅಂತ ಗೊತ್ತಾಗೋದೇ ಅಲ್ಲಿ! ಒಬ್ಬ ಸೀನಿಯರ್‌ಗೆ ನಾಲ್ಕು ಜನ ಮೀರದಿರಲಿ. ಅದಕ್ಕೂ ಮೊದಲು ಕಲಿಸುವವರ ಗಂಟನ್ನು ಫ್ಯಾಕಲ್ಟಿ ಒಮ್ಮೆ ನೋಡಲಿ. ಸೀನಿಯರ್‌ನ ತಪ್ಪು ನಾಲ್ಕೂ ಜನರ ಕೈಗೆ ಹೋಗುತ್ತೆ.

ಪ್ಯಾಡ್ ಬದಲು ಹಂದಿ ಕಾಲು ಒಳ್ಳೆಯದು, ಚರ್ಮದ ಬಿಗಿ ನಮ್ಮದಕ್ಕೆ ಹತ್ತಿರ. ಸಕಲೇಶಪುರದ ಕಡೆ ಹಂದಿಮಾಂಸದ ಅಂಗಡಿಯಲ್ಲಿ ಕೇಳಿ ನೋಡಿ. ಕೆಡದಿರಲಿ ಅಂತ ಫಾರ್ಮಲಿನ್‌ನಲ್ಲಿ ಇಡಬೇಡಿ, ಗಟ್ಟಿಯಾಗುತ್ತೆ. ಫ್ರೀಜರ್‌ನಲ್ಲಿಟ್ಟು ಪೂರ್ತಿ ಕರಗಿದ ಮೇಲೆ ಬಳಸಿ. ಮಾಂಸ ಮುಟ್ಟದವರಿಗೆ ಬಾಳೆಹಣ್ಣಿನ ಸಿಪ್ಪೆ ಕೊಡಿ. ಜೋರಾಗಿ ಎಳೆದರೆ ಹರಿದುಹೋಗುತ್ತೆ, ಹಾಗಾಗಿ ಕೈ ಹಗುರವಾಗುತ್ತೆ.

ಉತ್ತರ 3 (ಆಪರೇಷನ್ ಥಿಯೇಟರ್, ಅಂದರೆ ಓಟಿ ಸ್ಟಾಫ್ ನರ್ಸ್)
ಅವಧಿ ಮುಗಿದ ಸೂಚರ್ (ಹೊಲಿಗೆ ದಾರ) ಬಳಸೋದಾದರೆ ‘ಅಭ್ಯಾಸಕ್ಕೆ ಮಾತ್ರ’ ಅಂತ ಬರೆದು ಬೇರೆ ಡಬ್ಬದಲ್ಲಿಡಿ. ಮಾಂಸಕ್ಕೆ ಬಳಸಿದ ಉಪಕರಣ ಓಟಿಗೆ ವಾಪಸ್ ಬರಲೇಬಾರದು. ಸೂಜಿ ಬಿಳಿ ಪಂಕ್ಚರ್ ಪ್ರೂಫ್ ಡಬ್ಬಕ್ಕೆ, ಮಾಂಸ ಆಸ್ಪತ್ರೆ ತ್ಯಾಜ್ಯದ ಹಳದಿ ಚೀಲಕ್ಕೆ. ಕೊಟ್ಟ ಸೂಜಿ ಎಷ್ಟು, ವಾಪಸ್ ಬಂದದ್ದೆಷ್ಟು ಅಂತ ಎಣಿಸಿದ ಮೇಲೇ ಮಕ್ಕಳನ್ನು ಬಿಡಿ.

ಪ್ರಶ್ನೆ ಕೇಳಿದವರು
ಧನ್ಯವಾದ ಸಿಸ್ಟರ್, ಎಲ್ಲರಿಗೂ. ಎಡಗೈಯವರು ಇಬ್ಬರಿದ್ದಾರೆ, ಅವರಿಗೆ?

ಉತ್ತರ 1
ಪಕ್ಕದಲ್ಲಿ ಕೂರಬೇಡಿ, ಎದುರಿಗೆ ಕೂತು ಮಾಡಿ ತೋರಿಸಿ. ನಿಮ್ಮ ಬಲಗೈ ಅವರಿಗೆ ಕನ್ನಡಿಯಲ್ಲಿ ಕಂಡಂತೆ ಎಡಗೈಯಾಗಿ ಕಾಣುತ್ತೆ. ಆದರೆ ನೀಡಲ್ ಹೋಲ್ಡರ್‌ನ ಲಾಕ್ ಬಲಗೈಗೆಂದೇ ಮಾಡಿದ್ದು, ಎಡಗೈಯಲ್ಲಿ ಅದನ್ನು ಬಿಚ್ಚೋ ಅಭ್ಯಾಸ ಬೇರೆಯಾಗಿಯೇ ಮಾಡಿಸಬೇಕು.