ಮಗುವಿನ ಇಸಬಿಗೆ ಪ್ರೋಬಯಾಟಿಕ್ ಹನಿ ಸಾಕೇ?

ಶಿಡ್ಲಘಟ್ಟದ ತಾಯಿ: ಮಗಳಿಗೆ ಒಂದೂವರೆ ವರ್ಷ. ಮೊಣಕೈ ಮಡಿಕೆಯಲ್ಲಿ ಚರ್ಮ ಕೆಂಪಾಗಿ ಒಡೆದು ರಸ ಸೋರುತ್ತದೆ, ಬೆಳಗ್ಗೆ ದಿಂಬಿನ ಮೇಲೆ ರಕ್ತದ ಚುಕ್ಕೆಗಳಿರುತ್ತವೆ. ವೈದ್ಯರು ಸ್ಟೀರಾಯ್ಡ್ ಮುಲಾಮು ಬರೆದುಕೊಟ್ಟರು. ಅತ್ತೆಯವರಿಗೆ ಅದರ ಹೆಸರು ಕೇಳಿದರೇ ಭಯ. ಔಷಧ ಅಂಗಡಿಯವರು ಪ್ರೋಬಯಾಟಿಕ್ ಹನಿ (ಒಳ್ಳೆಯ ಬ್ಯಾಕ್ಟೀರಿಯಾ ಇರುವ ಹನಿ) ಕೊಟ್ಟು ‘ಬುಡಸಮೇತ ಹೋಗುತ್ತದೆ’ ಎಂದಿದ್ದಾರೆ. ಮುಲಾಮು ಬಿಟ್ಟು ಇದನ್ನೇ ಕೊಡಬಹುದೇ?

ಗೌರಿಬಿದನೂರಿನವ: ಧೈರ್ಯವಾಗಿ ಕೊಡಿ. 2001ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಫಿನ್‌ಲ್ಯಾಂಡಿನ ಅಧ್ಯಯನ ಬಂದಿದೆ. ಲ್ಯಾಕ್ಟೋಬ್ಯಾಸಿಲಸ್ ಜಿಜಿ ಎಂಬ ಪ್ರೋಬಯಾಟಿಕ್ ಬ್ಯಾಕ್ಟೀರಿಯಾ ಕೊಟ್ಟ ಗುಂಪಿನಲ್ಲಿ ಎರಡು ವರ್ಷದ ಹೊತ್ತಿಗೆ ಇಸಬು ಶೇ. 23 ಮಕ್ಕಳಿಗೆ, ಕೊಡದ ಗುಂಪಿನಲ್ಲಿ ಶೇ. 46.

ಜೀವಶಾಸ್ತ್ರದ ಮೇಷ್ಟ್ರು: ಅಂಕಿ ಸರಿ, ಆದರೆ ಪ್ರಶ್ನೆಯೇ ಬೇರೆ. ಅಲ್ಲಿ ಅದನ್ನು ಕೊಟ್ಟದ್ದು ಅಲರ್ಜಿ ಇರುವ ಮನೆತನದ ಗರ್ಭಿಣಿಯರಿಗೆ, ಹೆರಿಗೆಗೆ ಮೊದಲೇ. ಹೆರಿಗೆಯಾದ ಮೇಲೂ ಆರು ತಿಂಗಳು. ಅಂದರೆ ಇಸಬು ಬಾರದಂತೆ ತಡೆಯುವ ಪ್ರಯತ್ನ. ಅದೇ ಬ್ಯಾಕ್ಟೀರಿಯಾವನ್ನು ಜರ್ಮನಿಯಲ್ಲಿ ಪರೀಕ್ಷಿಸಿದಾಗ, 2008ರ ವರದಿಯಂತೆ, ವ್ಯತ್ಯಾಸವೇ ಕಾಣಲಿಲ್ಲ. ಇಸಬು ಬಂದ ಮೇಲೆ ಕೊಟ್ಟ 39 ಪ್ರಯೋಗಗಳನ್ನು, ವೈದ್ಯಕೀಯ ಪ್ರಯೋಗಗಳನ್ನು ಕಲೆಹಾಕಿ ಪರಿಶೀಲಿಸುವ ಕಾಕ್ರೇನ್ ತಂಡ 2018ರಲ್ಲಿ ಒಟ್ಟಿಗೆ ತೂಗಿತು. ಸಿಕ್ಕ ಪ್ರಯೋಜನ ಇದ್ದೂ ಇಲ್ಲದಂತಿತ್ತು.

ಗೌರಿಬಿದನೂರಿನವ: ಹಾಗಾದರೆ ಕರುಳಿಗೂ ರೋಗನಿರೋಧಕ ಶಕ್ತಿಗೂ ನಂಟಿದೆ ಎನ್ನುವುದೆಲ್ಲ ಬುರುಡೆಯೇ?

ಜೀವಶಾಸ್ತ್ರದ ಮೇಷ್ಟ್ರು: ಬುರುಡೆ ಎಂದು ನಾನೆಲ್ಲಿ ಹೇಳಿದೆ? ಇಸಬಿನಲ್ಲಿ ಟಿಎಚ್-2 ಎಂಬ ರೋಗನಿರೋಧಕ ಕೋಶಗಳು ಅತಿಯಾಗಿ ಕೆರಳುತ್ತವೆ, ಎಷ್ಟೋ ಮಕ್ಕಳಲ್ಲಿ ಅಲರ್ಜಿಗೆ ಸಂಬಂಧಿಸಿದ ಐಜಿಇ ಪ್ರತಿಕಾಯವೂ ಏರುತ್ತದೆ. ಕರುಳಿನ ಸೂಕ್ಷ್ಮಜೀವಿಗಳು ಈ ಆರ್ಭಟವನ್ನು ಹದ್ದುಬಸ್ತಿನಲ್ಲಿಡುವ ನಿಯಂತ್ರಕ ಟಿ ಕೋಶಗಳಿಗೆ ಪಾಠ ಹೇಳುತ್ತವೆ. ಆದರೆ ಪಾಠದ ಹೊತ್ತು ಬಹುಪಾಲು ಶೈಶವದ ಆರಂಭದಲ್ಲೇ ಮುಗಿದಿರುತ್ತದೆ. ಇನ್ನೊಂದು ಕಡೆ ಚರ್ಮದ ಗೋಡೆಯೇ ಸೋರುತ್ತಿರುತ್ತದೆ. ಆ ಗೋಡೆಯನ್ನು ಗಟ್ಟಿಯಾಗಿಡುವ ಫಿಲಾಗ್ರಿನ್ ಎಂಬ ಪ್ರೋಟೀನಿನ ಜೀನ್ ದೋಷಕ್ಕೂ ಇಸಬಿಗೂ ಇರುವ ನಂಟು 2006ರಲ್ಲಿ ಬೆಳಕಿಗೆ ಬಂತು. ಒಡೆದ ಜಾಗದಲ್ಲಿ ಸ್ಟ್ಯಾಫಿಲೋಕಾಕಸ್ ಎಂಬ ಸೋಂಕಿನ ಬ್ಯಾಕ್ಟೀರಿಯಾ ಬೀಡು ಬಿಟ್ಟಿರುವಾಗ ಬಾಯಿಗೆ ಹಾಕಿದ ಹನಿ ಏನು ಮಾಡೀತು?

ಚಿಂತಾಮಣಿಯ ಅಜ್ಜಿ: ಮನೆತುಂಬ ಹಾಲು ಕರೆಯುವ ಸೀಮೆ ನಮ್ಮದು. ಮೊಸರು ಬಿಟ್ಟು ಶೀಶೆಯಲ್ಲಿ ಬ್ಯಾಕ್ಟೀರಿಯಾ ಕೊಳ್ಳುತ್ತೀರಲ್ಲ!

ಜೀವಶಾಸ್ತ್ರದ ಮೇಷ್ಟ್ರು: ಹಾಲಿನ ಅಲರ್ಜಿ ಇಲ್ಲದಿದ್ದರೆ ಮೊಸರನ್ನ ಧಾರಾಳವಾಗಿ ತಿನ್ನಿಸಿ, ಅಮ್ಮಾ. ಆದರೆ ಒಂದೊಂದು ಮನೆಯ ಹೆಪ್ಪಿನಲ್ಲಿ ಬ್ಯಾಕ್ಟೀರಿಯಾದ ಒಂದೊಂದು ತಳಿ. ಅದನ್ನು ಔಷಧ ಎನ್ನಲಾಗದು.

ಬಾಗೇಪಲ್ಲಿ: ನಮ್ಮ ಕೊಳವೆಬಾವಿ ನೀರಿಗೆ ಬಕೆಟ್ಟೇ ಬೆಳ್ಳಗಾಗುತ್ತದೆ. ಅದೇ ಕಾರಣವಿರಬಹುದು.

ನಿವೃತ್ತ ನರ್ಸ್: ಗಡಸು ನೀರು ಚರ್ಮವನ್ನು ಒಣಗಿಸಬಹುದು. ಆದರೆ 2011ರಲ್ಲಿ ಇಂಗ್ಲೆಂಡಿನಲ್ಲಿ ಇಸಬು ಇರುವ 336 ಮಕ್ಕಳ ಮೇಲೆ, ಮನೆಯ ನೀರನ್ನು ಮೆದುಗೊಳಿಸುವ ಯಂತ್ರವನ್ನು ಪರೀಕ್ಷಿಸಿದ ವರದಿ ಬಂದಾಗ, ಇಸಬು ಅದರಿಂದ ಹೆಚ್ಚೇನೂ ಇಳಿದಿರಲಿಲ್ಲ. ಶಿಡ್ಲಘಟ್ಟದವರೇ, ವೈದ್ಯರು ಹೇಳಿದ ಮುಲಾಮನ್ನು ನೀವಾಗಿ ನಿಲ್ಲಿಸಬೇಡಿ. ಸ್ನಾನದ ನೀರು ಉಗುರುಬೆಚ್ಚಗಿರಲಿ. ಮೈ ಒರೆಸಿದ ಕೂಡಲೇ ಮಾಯಿಶ್ಚರೈಸರ್ ಹಚ್ಚಿ.

ಗೌರಿಬಿದನೂರಿನವ: ನನ್ನ ಮಗನಿಗೆ ಹನಿಯಿಂದಲೇ ಕಡಿಮೆಯಾಯಿತು. ನೀವು ಏನು ಬೇಕಾದರೂ ಹೇಳಿ.

ನಿವೃತ್ತ ನರ್ಸ್: ಇಸಬು ತಾನಾಗಿಯೂ ಇಳಿಯುತ್ತದೆ, ಮತ್ತೆ ಏರುತ್ತದೆ. ಇಳಿಯುವ ವಾರದಲ್ಲಿ ಯಾವುದು ಕೈಯಲ್ಲಿತ್ತೋ ಅದಕ್ಕೆ ಕೀರ್ತಿ.

ಶಿಡ್ಲಘಟ್ಟದ ತಾಯಿ: ಶೀಶೆಯ ಮೇಲೆ ತಳಿಯ ಹೆಸರೇ ಇಲ್ಲ, ಈಗ ನೋಡಿದೆ. ಮುಲಾಮನ್ನು ಎಷ್ಟು ಹಚ್ಚಬೇಕು?

ನಿವೃತ್ತ ನರ್ಸ್: ನಿಮ್ಮ ತೋರುಬೆರಳಿನ ತುದಿಯಿಂದ ಮೊದಲ ಗೆಣ್ಣಿನವರೆಗೆ ಹಿಂಡಿದಷ್ಟು ಮುಲಾಮು, ಬೆರಳುಗಳೂ ಸೇರಿ ನಿಮ್ಮ ಎರಡು ಅಂಗೈಯಷ್ಟು ಜಾಗಕ್ಕೆ ಸಾಕು. ದಿನಕ್ಕೆ ಎಷ್ಟು ಸಲ, ಎಷ್ಟು ದಿನ ಎಂಬುದು ಚೀಟಿಯಲ್ಲಿ ಬರೆದಂತೆ. ಅತ್ತೆಯವರ ಎದುರಿಗೇ ಹಚ್ಚಿ ತೋರಿಸಿ.