ಸಹಾಯ ಬೇಕು: ಸ್ಪೇನಿನ ಮನೆ ಬಾಡಿಗೆಯ ಯೂರೋ ಹಣದಲ್ಲಿ ಬ್ಯಾಂಕ್ ಕಡಿತ

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನಲ್ಲಿ ನೆಲೆಸಿರುವ ನಾವು ಸ್ಪೇನಿನ ಅಲಿಕಾಂತೆ ಬಳಿ ಇರುವ ನಮ್ಮ ಚಿಕ್ಕ ಫ್ಲ್ಯಾಟನ್ನು ರಜೆಗೆ ಬರುವವರಿಗೆ ವಾರದ ಲೆಕ್ಕದಲ್ಲಿ ಬಾಡಿಗೆಗೆ ಕೊಡುತ್ತೇವೆ. ಮುಂಗಡ ಹಣವನ್ನು ನಮ್ಮ ಬ್ರಿಟಿಷ್ ಬ್ಯಾಂಕಿನ ಯೂರೋ ಖಾತೆಗೆ ತರಿಸಿಕೊಳ್ಳುತ್ತೇವೆ. ಈಚೆಗೆ ಜರ್ಮನಿಯ ಅತಿಥಿಯೊಬ್ಬರು ಕಳುಹಿಸಿದ 200 ಯೂರೋದಲ್ಲಿ ನಮಗೆ ಜಮೆಯಾದದ್ದು 188 ಮಾತ್ರ. ಅವರ ರಸೀದಿಯಲ್ಲಿ ಪೂರ್ತಿ 200 ಎಂದೇ ಇದೆ. ಶುಲ್ಕದ ಕಾಲಂನಲ್ಲಿ ‘ಎಸ್‌ಎಚ್‌ಎ’, ಅಂದರೆ ಇಬ್ಬರಿಗೂ ಹಂಚಿಕೆ ಎಂದು ನಮೂದಾಗಿದೆ.

ಐರೋಪ್ಯ ಒಕ್ಕೂಟದೊಳಗೆ ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಕಳುಹಿಸುವ ಯೂರೋಗೆ, ದೇಶದೊಳಗಿನ ಪಾವತಿಗಿಂತ ಹೆಚ್ಚು ಶುಲ್ಕ ವಿಧಿಸುವಂತಿಲ್ಲ. ಒಕ್ಕೂಟವನ್ನು ತೊರೆದ ಬ್ರಿಟನ್ ಈಗಲೂ ಸೆಪಾ (ಯೂರೋಪಿನ ದೇಶಗಳ ನಡುವೆ ಯೂರೋ ಹಣ ಕಳುಹಿಸುವ ಏಕರೂಪದ) ವ್ಯವಸ್ಥೆಯಲ್ಲಿದ್ದರೂ 2021ರ ಜನವರಿಯಿಂದ ಆ ಸಮಾನ ಶುಲ್ಕದ ನಿಯಮ ನಮ್ಮ ವ್ಯವಹಾರಕ್ಕೆ ಅನ್ವಯಿಸುತ್ತಿಲ್ಲ. ಆದರೆ ಸೆಪಾ ಮೂಲಕ ಸಾಗುವ ಮೊತ್ತಕ್ಕೆ ನಡುವಿನ ಬ್ಯಾಂಕುಗಳು ಕೈಹಾಕುವಂತಿಲ್ಲವಾದ್ದರಿಂದ, ಈ ಹಣ ಸ್ವಿಫ್ಟ್ (ನಡುವಿನ ಬ್ಯಾಂಕುಗಳ ಮೂಲಕ ಹಣ ಸಾಗಿಸಲು ಬಳಸುವ ಅಂತರರಾಷ್ಟ್ರೀಯ ಜಾಲ) ದಾರಿ ಹಿಡಿದು ಬಂದಿರಬೇಕೆಂಬುದು ನನ್ನ ಗುಮಾನಿ. ನಮ್ಮ ಬ್ಯಾಂಕಿನವರು ‘ಕಳುಹಿಸಿದ ಬ್ಯಾಂಕನ್ನೇ ವಿಚಾರಿಸಿ’ ಎಂದು ಕೈತೊಳೆದುಕೊಂಡಿದ್ದಾರೆ. ರಜೆ ಕಳೆಯಲು ಬರುವ ಅತಿಥಿಯನ್ನು ಇದಕ್ಕಾಗಿ ಬ್ಯಾಂಕಿಗೆ ಅಲೆದಾಡಿಸುವುದು ಸರಿಯೇ?

ತಮ್ಮಲ್ಲಿ ಯಾರಾದರೂ ಇಂಥ ಕಡಿತದ ವಿವರವನ್ನು ಹಣ ಪಡೆಯುವ ಬ್ಯಾಂಕಿನಿಂದಲೇ ಲಿಖಿತವಾಗಿ ಪಡೆದಿದ್ದರೆ, ಯಾವ ವಿಭಾಗಕ್ಕೆ, ಹೇಗೆ ಬರೆದಿರೆಂದು ದಯವಿಟ್ಟು ತಿಳಿಸಿ. ಸ್ಪೇನಿನಲ್ಲಿಯೇ ಅನಿವಾಸಿ ಖಾತೆ ತೆರೆದರೆ ವಿದ್ಯುತ್, ನೀರಿನ ಬಿಲ್ಲುಗಳನ್ನೂ ಅಲ್ಲಿಂದಲೇ ಕಟ್ಟಬಹುದು ನಿಜ; ಆದರೆ ಖಾತೆಯ ನಿರ್ವಹಣಾ ಶುಲ್ಕವನ್ನು ಲೆಕ್ಕ ಹಾಕಿದ ಮೇಲೂ, ವರ್ಷಕ್ಕೆ ಕೆಲವೇ ವಾರ ಬಾಡಿಗೆಗೆ ಹೋಗುವ ಮನೆಗೆ ಅದು ಗಿಟ್ಟುತ್ತದೆಯೇ ಎಂಬುದನ್ನು ಅಂಥ ಖಾತೆ ಇರುವವರು ಹೇಳಿದರೆ ಉಪಕಾರವಾಗುತ್ತದೆ.